ಯಾರೂ ಎತ್ತದ ಒಂದು ದಿನ

ನಮ್ಮ ಕಡೆಯ ಜನಕ್ಕೆ ಒಂದು ಗುಣವಿದೆ. ಗಾಲಿಕುರ್ಚಿಯಲ್ಲಿ ಕೂತ ಮನುಷ್ಯ ಕಣ್ಣಿಗೆ ಬಿದ್ದರೆ ಅವರ ಕೈ ಸುಮ್ಮನಿರುವುದಿಲ್ಲ. ಎತ್ತಿಬಿಡುತ್ತಾರೆ. ಮೆಟ್ಟಿಲಿದ್ದರೆ ಎತ್ತುತ್ತಾರೆ, ಅದು ಸರಿ. ಮೆಟ್ಟಿಲು ಇನ್ನೂ ಇಪ್ಪತ್ತು ಮಾರು ದೂರವಿರುವಾಗಲೂ ಎತ್ತುತ್ತಾರೆ. ಎಲ್ಲಿಗೆ ಹೋಗಬೇಕು ಎಂದು ಕೇಳುವುದು ಎತ್ತಿದ ಮೇಲೆ. ಒಮ್ಮೆ ಬಸ್ ನಿಲ್ದಾಣದ ನೆರಳಿನಲ್ಲಿ ಎಳನೀರು ಕುಡಿಯುತ್ತಾ ಕೂತಿದ್ದೆ. ನಾಲ್ಕು ಜನ ಬಂದು, "ಸಂಕೋಚ ಮಾಡ್ಕಬ್ಯಾಡ್ರಿ ಯಜಮಾನ್ರೆ" ಎನ್ನುತ್ತಾ ಎಳನೀರಿನ ಸಮೇತ ನನ್ನನ್ನು ಎತ್ತಿ ಬಸ್ಸಿಗೆ ಹತ್ತಿಸಿದರು. ಬಸ್ಸು ಹೊಸದುರ್ಗಕ್ಕೆ ಹೋಗುವುದಾಗಿತ್ತು. ನನಗೆ ಹೊಸದುರ್ಗದಲ್ಲಿ ಯಾವ ಕೆಲಸವೂ ಇರಲಿಲ್ಲ. ಅಷ್ಟು ಪ್ರೀತಿಯಿಂದ ಹತ್ತಿಸಿದವರ ಮನಸ್ಸು ನೋಯಿಸುವುದು ಸರಿಯಲ್ಲವೆಂದು ಹೋಗಿ ಬಂದೆ. ಹೆಂಡತಿಯ ತಮ್ಮ ಅಲ್ಲೇ ಇರುವುದರಿಂದ ಊಟಕ್ಕೆ ತೊಂದರೆಯಾಗಲಿಲ್ಲ.

ನನಗೆ ಪೋಲಿಯೊ ಬಂದಾಗ ಮೂರು ವರ್ಷವಂತೆ. ಆಮೇಲಿನ ಏಳೆಂಟು ವರ್ಷ ನಾನು ನೆಲ ಮುಟ್ಟಿದ್ದು ಕಡಿಮೆ, ತಾತನ ಹೆಗಲ ಮೇಲೇ ಬೆಳೆದೆ. ತಾತ ಪತ್ರ ಬರೆಯುವವರು. ಹೊಲ ಮನೆ ಮಾರುವವರಿಗೆ, ಕೊಳ್ಳುವವರಿಗೆ, ಭಾಗವಾಗುವ ಅಣ್ಣತಮ್ಮಂದಿರಿಗೆ ನೋಂದಣಿ ಕಚೇರಿಯ ಮುಂದೆ ಕೂತು ಪತ್ರ ಬರೆದುಕೊಡುವುದು ಅವರ ಕಸುಬು. ಜಮೀನು ನೋಡಲು ಹೋಗುವಾಗ ನನ್ನನ್ನೂ ಹೊತ್ತುಕೊಂಡು ಹೋಗುತ್ತಿದ್ದರು. "ಮೇಲಿಂದ ನೋಡಿ ಹೇಳೋ, ಮೂಡ್ಲಾಗೆ ಏನೈತೆ?" ಎಂದು ಕೇಳುವರು. "ಹುಣಸೆ ಮರ ತಾತ" ಎನ್ನುವೆ. "ಯಾರ ಹುಣಸೆ ಮರ?" "ಗೊತ್ತಿಲ್ಲ ತಾತ." "ಯಾರ್ದು ಅಂತ ಗೊತ್ತಿಲ್ಲದ ಮರಾನ ಪತ್ರದಾಗೆ ಬರದ್ರೆ ಮೂರು ತಲೆಮಾರು ಬಡಿದಾಡ್ತಾವೆ ಕಣೋ, ಸರಿಯಾಗಿ ನೋಡು." ಜಮೀನಿನ ನಾಲ್ಕು ದಿಕ್ಕಿಗೂ ಏನೇನಿದೆ ಎಂದು ಬರೆಯುವುದಕ್ಕೆ ಚಕ್ಕುಬಂದಿ ಎನ್ನುತ್ತಾರೆ. ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ ಅಲ್ಲ, ಚಕ್ಕುಬಂದಿಯಲ್ಲಿ. ಇವತ್ತಿಗೂ ಯಾವುದನ್ನೇ ನೋಡಲಿ, ಅದರ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂದು ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ಹೆಣ್ಣು ನೋಡಲು ಹೋದಾಗ ತನ್ನ ಮುಖಕ್ಕಿಂತ ಮೊದಲು ತನ್ನ ಎಡಕ್ಕೆ ಯಾರು ಕೂತಿದ್ದಾರೆ, ಬಲಕ್ಕೆ ಯಾರು ಕೂತಿದ್ದಾರೆ ಎಂದು ನಾನು ನೋಡಿದೆನೆಂದು ನನ್ನ ಹೆಂಡತಿ ಸರೋಜ ಇವತ್ತಿಗೂ ದೂರುತ್ತಾಳೆ. ನೋಡಿದ್ದು ನಿಜ. ಎಡಕ್ಕೆ ಅವಳ ತಾಯಿ, ಬಲಕ್ಕೆ ಅವಳ ತಮ್ಮ ಮಾಲಿಂಗ. ಆ ಬಲಗಡೆಯ ಬಾಂದುಕಲ್ಲಿನ ಜೊತೆ ಮೂವತ್ತು ವರ್ಷದಿಂದ ಏಗುತ್ತಿದ್ದೇನೆ.

ಮಾಲಿಂಗ ಬಾಗೂರಿನವನು, ಹೊಸದುರ್ಗದಲ್ಲಿ ಶಾಮಿಯಾನದ ಅಂಗಡಿ ಇಟ್ಟಿದ್ದಾನೆ. ಮದುವೆ, ಮುಂಜಿ, ತಿಥಿ, ಚುನಾವಣೆ ಎಲ್ಲಕ್ಕೂ ಅವನದೇ ಕಂಬ, ಅವನದೇ ಕುರ್ಚಿ. ಕಂಬ, ಕುರ್ಚಿ, ಹಂಡೆ, ಭಾವ, ಎಲ್ಲ ಅವನಿಗೆ ಒಂದೇ. ಗಾಡಿಯಿಂದ ಎತ್ತಬೇಕು, ಇಡಬೇಕಾದ ಕಡೆ ಇಡಬೇಕು. ನನ್ನನ್ನು ಎತ್ತುವಾಗ ಎಷ್ಟೋ ಸಲ ಅಭ್ಯಾಸಬಲದಿಂದ ಮಡಚಲು ನೋಡಿದ್ದಾನೆ. ಹೃದಯ ಮಾತ್ರ ಬೆಣ್ಣೆ.

ತಾತನ ಜಾಗದಲ್ಲಿ ಈಗ ನಾನು ಕೂರುತ್ತೇನೆ. ಕಚೇರಿಗೆ ಐದು ಮೆಟ್ಟಿಲು. ಯಾವ ಊರಿನ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿನವರೆಲ್ಲ ಒಳ್ಳೆಯವರು, ಮೆಟ್ಟಿಲು ಕಟ್ಟಿದವರು ಯಾವಾಗಲೋ ನಿವೃತ್ತರಾಗಿದ್ದಾರೆ. ಒಳಗೆ ಹೋಗಬೇಕಾದಾಗಲೆಲ್ಲ ಪತ್ರ ಬರೆಸಲು ಬಂದವರೇ ನನ್ನನ್ನು ಎತ್ತುವುದು ರೂಢಿ. ಒಮ್ಮೆ ತಾಳ್ಯದ ಕಡೆಯ ಇಬ್ಬರು ಅಣ್ಣತಮ್ಮಂದಿರು ಭಾಗದ ಪತ್ರಕ್ಕೆ ಬಂದಿದ್ದರು. ಮೂರು ವರ್ಷದಿಂದ ಮಾತು ಬಿಟ್ಟವರು. ಒಬ್ಬ ಬೇವಿನ ಮರದ ಆ ಕಡೆ, ಇನ್ನೊಬ್ಬ ಈ ಕಡೆ ನಿಂತಿದ್ದರು. ನನ್ನ ಕುರ್ಚಿ ಮೆಟ್ಟಿಲ ಬಳಿ ಬಂದದ್ದೇ ತಡ, ಇಬ್ಬರೂ ಓಡಿಬಂದು ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದರು. ಮೂರನೆಯ ಮೆಟ್ಟಿಲಿನಲ್ಲಿ ಅಣ್ಣ, "ಎಡಕ್ಕೆ ವಾಲ್ಸಬ್ಯಾಡಲೇ" ಎಂದ. ತಮ್ಮ, "ನೀನು ನೆಟ್ಟಗೆ ಹಿಡ್ಕಣಣ್ಣ" ಎಂದ. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು. ನನಗೆ ಕಣ್ಣು ತುಂಬಿ ಬಂತು. ನಾನು ಇನ್ನೂ ಗಾಳಿಯಲ್ಲಿದ್ದಾಗಲೇ ಹೆಚ್ಚು ಭಾರ ಯಾರ ಕಡೆಗಿದೆ ಎಂಬ ವಿಷಯಕ್ಕೆ ಜಗಳ ಶುರುವಾಗಿ, ಐದನೆಯ ಮೆಟ್ಟಿಲಿನ ಹೊತ್ತಿಗೆ ಮತ್ತೆ ಮಾತು ಬಿಟ್ಟರು.

ಇಷ್ಟೆಲ್ಲ ಪ್ರೀತಿ ಇರುವಾಗ ನಿಮಗೇನು ಕಷ್ಟ ಎಂದು ನೀವು ಕೇಳಬಹುದು. ಎತ್ತಿಸಿಕೊಳ್ಳುವುದು ನೋಡಿದಷ್ಟು ಸುಲಭವಲ್ಲ ಸ್ವಾಮಿ. ಮೊದಲನೆಯದಾಗಿ, ಎತ್ತಿಸಿಕೊಳ್ಳುವವನು ನಗುತ್ತಿರಬೇಕು. ಗಂಟು ಮುಖ ಹಾಕಿಕೊಂಡು ಎತ್ತಿಸಿಕೊಂಡರೆ ಎತ್ತುವವರಿಗೆ ಹುರುಪು ಇರುವುದಿಲ್ಲ. ಎರಡನೆಯದಾಗಿ, ಕಂಕುಳಿಗೆ ಕೈ ಹಾಕುವವರು ಯಾರೂ ಕಚಗುಳಿಯಾಗುತ್ತದೆಯೇ ಎಂದು ವಿಚಾರಿಸುವುದಿಲ್ಲ. ಮೂರನೆಯದು ಪಂಚೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಈಗ ಪ್ಯಾಂಟು ಹಾಕುತ್ತೇನೆ ಎಂದಷ್ಟೇ ಹೇಳುತ್ತೇನೆ. ಒಟ್ಟಿನಲ್ಲಿ, ಎತ್ತಿಸಿಕೊಂಡು ಎತ್ತಿಸಿಕೊಂಡು ಸಾಕಾಗಿ, ಕಚೇರಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಕಚೇರಿ ಎಂದು ಇದ್ದುಬಿಟ್ಟೆ. ಮದುವೆಗಳಿಗೆ ಹೋಗುವುದನ್ನು ನಿಲ್ಲಿಸಿದೆ. ಊರು ತಿರುಗುವುದಂತೂ ಇಲ್ಲವೇ ಇಲ್ಲ. ಇದರಿಂದ ನನಗೇನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಸರೋಜಳಿಗೆ. ಮೈಸೂರು ನೋಡಬೇಕು, ಸಮುದ್ರ ನೋಡಬೇಕು, ದಾವಣಗೆರೆಯಲ್ಲಿ ಎರಡನೆಯ ಮಹಡಿಯಲ್ಲಿರುವ ಗೆಳತಿಯ ಮನೆಗೆ ಹೋಗಬೇಕು ಎಂದು ಮೂರು ಆಸೆಗಳನ್ನು ಇಟ್ಟುಕೊಂಡು ಮದುವೆಯಾಗಿ ಬಂದವಳು. "ನೀನು ಹೋಗಿ ಬಾರೆ" ಎಂದು ಎಷ್ಟು ಸಲ ಹೇಳಿದರೂ, "ಒಬ್ಬಳೇ ಹೋಗಿ ಏನು ನೋಡ್ಲಿ? ನೋಡಿದ್ದನ್ನ ಯಾರಿಗೆ ತೋರಿಸ್ಲಿ?" ಎನ್ನುತ್ತಾಳೆ. ಹೀಗೆ ಹೇಳಿ ಮುಂಗೈಯಿಂದ ಮೂಗು ಒರೆಸಿಕೊಂಡು ಒಳಗೆ ಹೋಗುತ್ತಾಳೆ. ಅಳುವುದಿಲ್ಲ. ಅತ್ತಿದ್ದರೆ ನಾನೂ ವಾದ ಮಾಡಬಹುದಿತ್ತು.

ಹೀಗಿರುವಾಗ ಚಿತ್ರದುರ್ಗದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಪಕ್ಕ, ಗುಡ್ಡದ ಬುಡದಲ್ಲಿ, ಯಾರೋ ಪುಣ್ಯಾತ್ಮರು ಸಿನಿಮಾ ಸ್ಟುಡಿಯೊ ಕಟ್ಟಿ ಜನಕ್ಕೆ ತೋರಿಸಲು ಶುರುಮಾಡಿದರು. ಸರೋಜ ದಿನವೂ ನೋಡುವ ಧಾರಾವಾಹಿಯ ಅರಮನೆ ಅಲ್ಲೇ ಇದೆಯಂತೆ. ಆ ಅರಮನೆಯ ಉಪ್ಪರಿಗೆಯಲ್ಲಿ ನಿಂತು ರಾಜನ ಸೊಸೆ ದಿನಕ್ಕೊಂದು ಸಲವಾದರೂ ಅಳುತ್ತಾಳೆ. ಅಲ್ಲಿ ನಾವಿಬ್ಬರೂ ನಿಂತು ಒಂದು ಫೋಟೊ ತೆಗೆಸಿಕೊಳ್ಳಬೇಕೆಂದು ಸರೋಜ ಹೇಳಿದಳು. ನಾವಿಬ್ಬರೂ ನಿಲ್ಲುವುದು ಹೇಗೆ ಎಂದು ನಾನು ಕೇಳಲಿಲ್ಲ. ಮೂವತ್ತು ವರ್ಷದಲ್ಲಿ ಅವಳು ಕೇಳಿದ ಅತಿ ಹತ್ತಿರದ ಜಾಗ ಅದು.

ನಾನು ಒಂದು ಕರಾರು ಮಾಡಿಕೊಂಡೆ. "ನೋಡು ಸರೋಜ, ಬರ್ತೀನಿ. ಆದ್ರೆ ಇವತ್ತಿಂದ ಹೇಳ್ತೀನಿ, ಅವತ್ತು ನನ್ನನ್ನ ಯಾರಾದ್ರೂ ಒಂದೇ ಒಂದು ಸಲ ಎತ್ತಿದ್ರೂ ಅದೇ ನನ್ನ ಕೊನೇ ಪ್ರವಾಸ. ಯಾರೂ ಎತ್ತದೆ ಮನೆಗೆ ಬಂದ್ರೆ, ನೀನು ಹೇಳಿದ ಕಡೆಗೆಲ್ಲ ಬರ್ತೀನಿ. ಸಮುದ್ರಕ್ಕೂ." ಸರೋಜ, "ಆಯ್ತು" ಎಂದಳು. ತಕ್ಷಣ ತಮ್ಮನಿಗೆ ಫೋನು ಮಾಡಿ, "ಲೇ ಮಾಲಿಂಗ, ಕಾರು ತಗಂಡು ಬಾ. ನಿಮ್ಮ ಭಾವನ್ನ ಮುಟ್ಟಿದ್ರೆ ನನ್ನ ಹೆಣ ನೋಡ್ತೀಯ" ಎಂದಳು. ಆ ಕಡೆಯಿಂದ, "ಮುಟ್ದೆ ಹೆಂಗಕ್ಕ ಕರ್ಕಂಡೋಗದು?" ಎಂದು ಸಣ್ಣ ದನಿ ಕೇಳಿಸಿತು.

ನಾನು ಸ್ಟುಡಿಯೊಗೆ ಫೋನು ಮಾಡಿದೆ. ಬಹಳ ಮರ್ಯಾದೆಯ ಹುಡುಗಿ ಮಾತಾಡಿದಳು. "ಎಲ್ಲಾ ಕಡೆ ರ‍್ಯಾಂಪ್ ಇದೆ ಸರ್." "ಅರಮನೆಗೆ?" "ಇದೆ ಸರ್." "ಉಪ್ಪರಿಗೆಗೆ?" "ಅದಕ್ಕೂ ಇದೆ ಸರ್." ಬಾಯಿಮಾತನ್ನು ನಂಬಿ ಕೆಟ್ಟವರ ಪತ್ರಗಳನ್ನೇ ಬರೆದು ಬದುಕಿದವನು ನಾನು. "ಇದನ್ನೇ ಬರಹದಲ್ಲಿ ಕೊಡಮ್ಮ" ಎಂದೆ. ಕೊಟ್ಟಳು. ವಾಟ್ಸಾಪಿನಲ್ಲಿ ಬಂದದ್ದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ನನ್ನ ಕಸುಬಿನ ಮೇಲೆ ನನಗೆ ಅವತ್ತು ಇದ್ದಷ್ಟು ಹೆಮ್ಮೆ ಎಂದೂ ಇರಲಿಲ್ಲ.

ಪ್ರಯಾಣ ಸುಖವಾಯಿತು. ಕುರ್ಚಿಯಿಂದ ಕಾರಿನ ಸೀಟಿಗೆ ದಾಟಲು ನನ್ನ ಹತ್ತಿರ ಒಂದು ನುಣುಪಾದ ಹಲಗೆಯಿದೆ. ಆ ಕಡೆ ಒಂದು ತುದಿ, ಈ ಕಡೆ ಒಂದು ತುದಿ ಇಟ್ಟು, ಕೈಯೂರಿ ಜಾರಿಕೊಂಡು ಹೋಗುತ್ತೇನೆ. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಮಾಲಿಂಗ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಕಾಶ ನೋಡುತ್ತಾ ನಿಂತಿದ್ದ. ಉಪವಾಸದ ದಿನ ಹೋಳಿಗೆ ಬೇಯುವ ಮನೆಯ ಮುಂದೆ ಹಾದುಹೋಗುವವನ ಮುಖವಿತ್ತು. "ಆತಾ ಭಾವ?" "ಆಯ್ತು." "ಕೈ ಕೊಡ್ಲಾ?" "ಬ್ಯಾಡ." "ಸುಮ್ನೆ ಕೇಳ್ದೆ." ಚಿತ್ರದುರ್ಗ ದಾಟಿದೆವು. ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವನ್ನು ಹೇಗೆ ಮೇಲಕ್ಕೆ ಎತ್ತಿರಬಹುದು ಎಂಬುದರ ಬಗ್ಗೆ ಆಮೇಲೆ ಮಾಲಿಂಗ ಹಿರಿಯೂರಿನ ದಿಕ್ಕಿಗೆ ಎಷ್ಟೋ ಮೈಲಿ ಮಾತಾಡಿದ.

ಸ್ಟುಡಿಯೊದ ಬಾಗಿಲಲ್ಲಿ ನನ್ನ ಕಾಗದ ತೋರಿಸಿದೆ. ಟಿಕೆಟು ಕೊಡುವವನು ಓದಿ, ತಲೆಯಾಡಿಸಿ, "ಸರಿಯಾಗೈತೆ ಸಾರ್. ಎಲ್ಲಾ ಕಡೆಗೂ ರ‍್ಯಾಂಪ್ ಐತೆ. ಹಿಂದ್ಗಡೆಯಿಂದ" ಎಂದ.

ನಾನು ಕಾಗದವನ್ನು ವಾಪಸು ತೆಗೆದುಕೊಂಡು ಓದಿದೆ. ರ‍್ಯಾಂಪು ಇದೆ ಎಂದು ಬರೆದಿತ್ತು. ಯಾವ ದಿಕ್ಕಿಗಿದೆ ಎಂದು ಬರೆದಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಸಾವಿರಾರು ಹೊಲಗಳ ನಾಲ್ಕು ದಿಕ್ಕು ಬರೆದ ಕೈ ಇದು. ಯಾರ ಕಣಕ್ಕೆ ಯಾರ ಬೇಲಿ, ಯಾರ ಬಚ್ಚಲ ನೀರು ಯಾರ ಹಿತ್ತಿಲಿಗೆ ಎಂದು ಬರೆಯುವುದರಲ್ಲಿ ಒಂದು ದಿನವೂ ತಪ್ಪಿದವನಲ್ಲ. ನನ್ನ ಸ್ವಂತ ಪತ್ರದಲ್ಲಿ ಚಕ್ಕುಬಂದಿಯನ್ನೇ ಬಿಟ್ಟಿದ್ದೆ. ತಾತ ಬದುಕಿದ್ದರೆ ಹೆಗಲಿಂದ ಇಳಿಸಿ ಅಲ್ಲೇ ಬಿಟ್ಟು ಹೋಗುತ್ತಿದ್ದರು.

ವಿಷಯ ಏನೆಂದರೆ, ಆ ರ‍್ಯಾಂಪುಗಳು ನನಗಾಗಿ ಕಟ್ಟಿದವಲ್ಲ. ದೊಡ್ಡ ದೊಡ್ಡ ದೀಪಗಳನ್ನು, ಕ್ಯಾಮೆರಾ ಹೊತ್ತ ಟ್ರಾಲಿಗಳನ್ನು ತಳ್ಳಿಕೊಂಡು ಹೋಗಲು ಸೆಟ್ಟುಗಳ ಹಿಂಭಾಗದಲ್ಲಿ ಕಟ್ಟಿದವು. ನಡೆದು ನೋಡುವವರು ಮುಂದಿನ ಬೀದಿಯಲ್ಲಿ, ಮೈಕು ಹಿಡಿದ ಹೆಣ್ಣುಮಗಳ ಹಿಂದೆ ಹೋಗಬೇಕು. ಅಲ್ಲಿ ಪ್ರತಿಯೊಂದಕ್ಕೂ ಮೆಟ್ಟಿಲು. ಗಾಲಿಯಿರುವುದೆಲ್ಲ ಹಿಂದಿನ ದಾರಿಯಲ್ಲಿ ಹೋಗಬೇಕು. ಮಾಲಿಂಗ ಮುಂದಿನ ಮೆಟ್ಟಿಲುಗಳನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಭಾವ, ನಾಕೇ ಮೆಟ್ಲು. ಒಂದು ಉಸ್ರು. ಎತ್ತಿದ್ದು ನಿಮಗೇ ಗೊತ್ತಾಗಂಗಿಲ್ಲ" ಎಂದ. "ಮಾಲಿಂಗ!" ಎಂದಳು ಸರೋಜ. "ಹಿಂದಿನಿಂದಲೇ ಹೋಗುತ್ತೇನೆ" ಎಂದೆ ನಾನು, ದೊಡ್ಡ ಹಟದಿಂದ. ಹೀಗೆ ಹೆಂಡತಿ ಮತ್ತು ಭಾಮೈದ ಮುಂದಿನ ಬೀದಿಗೆ ಹೋದರು, ನಾನು ಹಿಂದಿನ ಬೀದಿಗೆ ಹೋದೆ.

ನನ್ನ ಜೊತೆಗೆ ಕಳಿಸಿದ್ದು ತಿಪ್ಪೇಸ್ವಾಮಿ ಎಂಬ ಬಡಗಿಯನ್ನು. ಸೆಟ್ಟು ಕಟ್ಟುವವರ ಮೇಸ್ತ್ರಿ. ಕಿವಿಗೆ ಸಿಕ್ಕಿಸಿದ ಪೆನ್ಸಿಲು, ನನ್ನಷ್ಟೇ ವಯಸ್ಸು. ಅವನಿಗೆ ಪ್ರವಾಸಿಗಳಿಗೆ ತೋರಿಸಿ ಅಭ್ಯಾಸವಿರಲಿಲ್ಲ. ಆದ್ದರಿಂದ ನಿಜವನ್ನೇ ಹೇಳುತ್ತಿದ್ದ. "ಬರ್ರಿ ಯಜಮಾನ್ರೆ. ಇದು ಮುಂದ್ಗಡೆ ಅರಮನೆ, ಹಿಂದ್ಗಡೆ ಸರ್ವೆ ಮರದ ಗಳ. ಇದು ಮುಂದ್ಗಡೆ ದೇವಸ್ಥಾನ, ಹಿಂದ್ಗಡೆ ಬಣ್ಣದ ಡಬ್ಬಿ ಇಡೋ ಶೆಡ್ಡು. ದೇವ್ರು ಶೂಟಿಂಗ್ ಇದ್ದಾಗ ಬರ್ತಾನೆ, ಮುಗಿದ ಮೇಲೆ ಗೋದಾಮಿಗೆ ಹೋಗ್ತಾನೆ." ಗೋಡೆಯ ಆ ಕಡೆಯಿಂದ ಮೈಕಿನ ಹೆಣ್ಣುಮಗಳ ದನಿ ಕೇಳಿಸುತ್ತಿತ್ತು. "ಈ ಬೃಹತ್ ಕಲ್ಲಿನ ಕಂಬಗಳನ್ನು ಗಮನಿಸಿ." ಈ ಕಡೆಯಲ್ಲಿ ತಿಪ್ಪೇಸ್ವಾಮಿ ಅದೇ ಕಂಬವನ್ನು ಬೆರಳಿನಿಂದ ಕೆರೆದ. ಬಿಳಿಯ ಥರ್ಮೋಕೋಲು ಉದುರಿತು. "ಗಮನಿಸಿದ್ರಾ?" ಎಂದು ಕೇಳಿದ. ಗಮನಿಸಿದೆ ಎಂದೆ.

ನಾನು ತಕ್ಷಣ ಆ ಜಾಗದ ಚಕ್ಕುಬಂದಿ ಬರೆಯಲು ಮನಸ್ಸಿನಲ್ಲೇ ಶುರುಮಾಡಿದೆ. ಆಸ್ಪತ್ರೆಯ ಪೂರ್ವಕ್ಕೆ ನ್ಯಾಯಾಲಯ, ನಡುವೆ ಒಂದೇ ಗೋಡೆ. ಪಶ್ಚಿಮಕ್ಕೆ ಪೊಲೀಸ್ ಠಾಣೆ. ಉತ್ತರಕ್ಕೆ ಹೆಣ್ಣಿನ ತವರುಮನೆ. ದಕ್ಷಿಣಕ್ಕೆ ಸ್ಮಶಾನ. ಧಾರಾವಾಹಿಗಳಲ್ಲಿ ಒಬ್ಬಳೇ ಹೆಂಗಸಿಗೆ ಅಷ್ಟೊಂದು ಕಷ್ಟಗಳು ಅಷ್ಟು ಬೇಗ ಬೇಗ ಹೇಗೆ ಬರುತ್ತವೆ ಎಂದು ನನಗೆ ಬಹಳ ದಿನದಿಂದ ಅನುಮಾನವಿತ್ತು. ಅವತ್ತು ಪರಿಹಾರವಾಯಿತು. ಎಲ್ಲವೂ ನಡೆಯುವ ದೂರದಲ್ಲಿವೆ. ಅಲ್ಲಿ ಒಂದು ನೋಂದಣಿ ಕಚೇರಿಯೂ ಇತ್ತು. ಆಸ್ತಿ ಬರೆಸಿಕೊಳ್ಳುವ ದೃಶ್ಯಗಳಿಗೆ ಬೇಕಾಗುತ್ತದಂತೆ. ಮುಂದೆ ಹೇಗಿದೆ ಎಂದು ಕೇಳಿದೆ. "ಐದು ಮೆಟ್ಲು ಅವೆ. ಜೊತೆಗೆ ಒಂದು ರ‍್ಯಾಂಪೂ ಮಾಡೀವಿ. ಆದ್ರೆ ಹತ್ತಬ್ಯಾಡ್ರಿ, ರಟ್ಟಿಂದು" ಎಂದ ತಿಪ್ಪೇಸ್ವಾಮಿ. ಸುಳ್ಳು ಕಚೇರಿಗೆ ಸುಳ್ಳು ರ‍್ಯಾಂಪಾದರೂ ಇದೆಯಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಇಷ್ಟರಲ್ಲಿ ಸರೋಜಳ ಫೋನು ಬಂತು. "ಎಲ್ಲಿದೀರಿ?" "ರಾಣಿಯ ಮಲಗುವ ಕೋಣೆಯ ಹಿಂದೆ." "ನಾನು ಕೋಣೆ ಮುಂದೆ ಇದೀನಿ. ಏನು ಮಂಚ ಅಂತೀರಿ, ಏನು ಕನ್ನಡಿ ಅಂತೀರಿ! ಅಲ್ಲಿ ಏನೈತೆ?" ನಾನು ನೋಡಿದೆ. ರಾಣಿಯ ಕೋಣೆಯ ಹಿಂಗೋಡೆಗೆ ಮೊಳೆ ಹೊಡೆದು ಯಾರದೋ ಊಟದ ಡಬ್ಬಿ, ಒಂದು ಟವೆಲು ನೇತುಹಾಕಿದ್ದರು. "ಒಂದು ಟವೆಲ್ ಐತೆ" ಎಂದೆ. ಆಮೇಲೆ ಫೋನಿನಲ್ಲಿ ಒಂದು ಸಲ, ಗೋಡೆಯಿಂದ ಒಂದು ಸಲ, ಎರಡೆರಡು ಸಲ ಅವಳ ದನಿ ಕೇಳಿಸಿತು. "ಒಬ್ಬಳೇ ಬಂದಂಗಾತು ಕಣ್ರಿ."

ನಮ್ಮಿಬ್ಬರ ನಡುವೆ ಅರ್ಧ ಅಂಗುಲದ ಪ್ಲೈವುಡ್ಡಿತ್ತು. ಬೆರಳಿನಿಂದ ತಟ್ಟಿದೆ. ಆ ಕಡೆಯಿಂದ ಅವಳೂ ತಟ್ಟಿದಳು. ಮೈಕಿನ ಹೆಣ್ಣುಮಗಳು, "ದಯವಿಟ್ಟು ಗೋಡೆ ಮುಟ್ಟಬೇಡಿ ಮೇಡಂ" ಎಂದಳು. ನನಗೆ ಅಲ್ಲಿಯವರೆಗೆ ಕರಾರು ಗೆಲ್ಲುತ್ತಿದ್ದೇನೆ ಎಂದೇ ಇತ್ತು. ಬೆಳಗ್ಗಿನಿಂದ ಯಾರೂ ಎತ್ತಿರಲಿಲ್ಲ. ನನ್ನ ಜೀವಮಾನದಲ್ಲೇ ಅತಿ ಸ್ವತಂತ್ರವಾದ ದಿನ. ಆದರೆ ಹೆಂಡತಿಗೆ ತೋರಿಸಲು ಗಂಡನಿರಲಿಲ್ಲ, ನನಗೆ ತೋರಿಸಲು ಹೆಂಡತಿ ಇರಲಿಲ್ಲ. ಹೀಗೆಯೇ ಸಮುದ್ರಕ್ಕೂ ಹೋದರೆ ಅವಳು ನೀರಿನ ಹತ್ತಿರ ನಿಂತಿರುತ್ತಾಳೆ, ನಾನು ಯಾವುದೋ ಹೋಟೆಲಿನ ಹಿಂದೆ ಟವೆಲು ನೋಡುತ್ತಿರುತ್ತೇನೆ. ಆಗ "ಮಾಲಿಂಗ, ಬಾರಪ್ಪ" ಎಂದು ಕರೆದುಬಿಡಬಹುದಿತ್ತು. ನಾಲ್ಕು ಮೆಟ್ಟಿಲು, ಒಂದು ಉಸಿರು. ಬಾಯಿವರೆಗೆ ಬಂದದ್ದನ್ನು ನುಂಗಿದೆ. ಜಂಬವೆಂದು ನೀವು ಹೇಳಬಹುದು. ನಾನೇನೂ ಆಕ್ಷೇಪಣೆ ಸಲ್ಲಿಸುವುದಿಲ್ಲ.

"ಉಪ್ಪರಿಗೆ ನೋಡ್ತೀರಾ?" ಎಂದು ತಿಪ್ಪೇಸ್ವಾಮಿ ಕೇಳಿದ. ಅರಮನೆಯ ಹಿಂದೆ ಉದ್ದವಾದ ಹಲಗೆಯ ರ‍್ಯಾಂಪು, ಎರಡು ಕಡೆ ಕಟಕಟೆ, ಎರಡು ಸುತ್ತು ಸುತ್ತಿ ಮೇಲಕ್ಕೆ ಹೋಗಿತ್ತು. ನಾನೇ ಗಾಲಿ ತಿರುಗಿಸಿಕೊಂಡು, ಮೂರು ಕಡೆ ನಿಂತು ಉಸಿರು ತೆಗೆದುಕೊಂಡು, ಮೇಲೆ ಹೋದೆ. ಹಿಂದಿನಿಂದ ತಿಪ್ಪೇಸ್ವಾಮಿ ಕೈ ಆಸರೆ ಕೊಟ್ಟಿದ್ದ, ಅಷ್ಟೇ. ಕಂಬಗಳ ನಡುವಿಂದ ಮುಂದಕ್ಕೆ ಬಂದರೆ, ಅದೇ ಉಪ್ಪರಿಗೆ. ಕೆಳಗೆ ಅಂಗಳದಲ್ಲಿ ಜನ. ಅವರ ನಡುವೆ ಸರೋಜ ಮತ್ತು ಮಾಲಿಂಗ, ಕೆಳಗಿನ ಅಮೃತಶಿಲೆಯ ಮೆಟ್ಟಿಲ ಮುಂದೆ ನಿಂತಿದ್ದರು. ಮೆಟ್ಟಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು.

ನಾನು ಇಡೀ ಜೀವನ ಜನರನ್ನು ಸೊಂಟದ ಎತ್ತರದಿಂದ ನೋಡಿದವನು. ತಾತನ ಹೆಗಲು ಬಿಟ್ಟ ಮೇಲೆ ಯಾರನ್ನೂ ಮೇಲಿನಿಂದ ನೋಡಿದ್ದಿಲ್ಲ. ಮಾಲಿಂಗನ ನೆತ್ತಿ ಒಂದು ರೂಪಾಯಿ ನಾಣ್ಯದಷ್ಟು ಬೋಳಾಗಿದೆ ಎಂದು ಅವತ್ತು ಗೊತ್ತಾಯಿತು. ಸರೋಜಳ ಬೈತಲೆಯ ಎರಡೂ ಕಡೆ ನಾನು ತಿಳಿದದ್ದಕ್ಕಿಂತ ಬಹಳ ಹೆಚ್ಚು ಬಿಳಿ ಕೂದಲಿತ್ತು. ಕಿವಿಯ ಹತ್ತಿರದ ಬಿಳಿ ಕೂದಲನ್ನು ಕಂಡಿದ್ದೆ. ಅವು ಇತ್ತೀಚಿನವು ಎಂದುಕೊಂಡಿದ್ದೆ. ಇವು ಯಾವಾಗಲೋ ಬಂದು ನೆಲೆನಿಂತವು. "ಸರೋಜ!" ಎಂದು ಕೂಗಿದೆ. ಅವಳು ತಲೆಯೆತ್ತಿ ನೋಡಿ, "ಅಯ್ಯೋ! ಅಲ್ಲಿ ಹೆಂಗೆ ಹೋದ್ರಿ?" ಎಂದಳು. "ಬಾ ಮೇಲೆ, ಫೋಟೊ ತೆಗೆಸೋಣ." "ಬಿಡಲ್ವಂತೆ ಕಣ್ರಿ. ಈ ಮೆಟ್ಲು ಬರೀ ತೋರ್ಸಕ್ಕಂತೆ. ಹತ್ತಿದ್ರೆ ಮುರಿತವಂತೆ."

ತಿಪ್ಪೇಸ್ವಾಮಿ ಪಕ್ಕದಲ್ಲಿ ಗಂಟಲು ಸರಿಮಾಡಿಕೊಂಡ. "ಹೌದು ಯಜಮಾನ್ರೆ. ಹಿಂದಿನ ರ‍್ಯಾಂಪಲ್ಲೂ ನಡ್ಕಂಡು ಬರೋರ್ನ ಬಿಡಂಗಿಲ್ಲ. ಯಾರೋ ಸೆಲ್ಫಿ ತಗಳಕ್ಕೆ ಹೋಗಿ ಜಾರಿ ಬಿದ್ರು. ಮ್ಯಾನೇಜರು ಬೋರ್ಡು ಹಾಕವ್ರೆ. ಟ್ರಾಲಿ, ಗಾಲಿಕುರ್ಚಿ, ಸೆಟ್ಟಿನ ಕೆಲಸದೋರು, ಇಷ್ಟೇ." ಕೆಳಗಿನಿಂದ ಸರೋಜ, "ಇರ್ಲಿ ಬಿಡ್ರಿ. ನೀವು ನೋಡಿದ್ರಲ್ಲ, ಸಾಕು. ಹೆಂಗೈತೆ ಅಂತ ಆಮೇಲೆ ಹೇಳಿ" ಎಂದಳು. ಹೀಗೆ ಹೇಳಿ ಮುಂಗೈಯಿಂದ ಮೂಗು ಒರೆಸಿಕೊಂಡಳು.

ನಾನು ಕೆಳಗಿಳಿದು ಬೋರ್ಡಿನ ಮುಂದೆ ನಿಂತೆ. ನನ್ನ ಕಸುಬಿನ ಮಾನ ಬೆಳಗ್ಗೆ ಹೋಗಿತ್ತು, ಅದನ್ನು ಮತ್ತೆ ಸಂಪಾದಿಸುವುದಕ್ಕೆ ದೇವರೇ ಇಟ್ಟಂತಿತ್ತು ಆ ಬೋರ್ಡು. ಎರಡು ಸಲ ಓದಿದೆ. "ತಿಪ್ಪೇಸ್ವಾಮಿ, ಗಾಲಿಕುರ್ಚಿಗೆ ಅವಕಾಶವಿದೆ ಅಂತ ಬರ್ದೈತೆ." "ಹೌದು." "ಗಾಲಿಕುರ್ಚಿ ಮೇಲೆ ಎಷ್ಟು ಜನ ಕೂತಿರಬೇಕು ಅಂತ ಬರ್ದಿಲ್ಲ." ತಿಪ್ಪೇಸ್ವಾಮಿ ಕಿವಿಯ ಪೆನ್ಸಿಲು ತೆಗೆದು, ಬೋರ್ಡನ್ನು ತಾನೂ ಒಮ್ಮೆ ಓದಿ, ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. "ಬರ್ದಿಲ್ಲ ಕಣ್ರಿ" ಎಂದ. "ಈ ಹಲಗೆ ಎಷ್ಟು ತೂಕ ತಡೀತೈತೆ?" "ನಾನೇ ಹಾಕಿದ್ದು. ಜನರೇಟ್ರು ಹೋಗೈತೆ ಇದರ ಮೇಲೆ. ನಿಮ್ಮ ಮನೆಯೋರು ಜನರೇಟ್ರಿಗಿಂತ ಹಗುರ ಇದ್ರೆ ಸಾಕು."

ಮೇಸ್ತ್ರಿ ಒಪ್ಪಿದ್ದಾನೆ, ಅಕ್ಕನನ್ನು ಕರೆದುಕೊಂಡು ಬಾ ಎಂದು ಮಾಲಿಂಗನಿಗೆ ಫೋನು ಮಾಡಿದೆ. ಸರೋಜ ಹ್ಞಾಂ ಎನ್ನುವುದರೊಳಗೆ ಅವನು ಅವಳನ್ನು ಹಿಂದಿನ ದಾರಿಯಿಂದ ಕರೆತಂದ. ವಿಷಯ ತಿಳಿದು ಅವಳು ಎರಡು ಹೆಜ್ಜೆ ಹಿಂದೆ ಹೋದಳು. "ಥೂ, ಜನ ನೋಡ್ತಾರೆ. ಈ ವಯಸ್ನಲ್ಲಿ ನಿಮ್ಮ ತೊಡೆ ಮ್ಯಾಲೆ ಕುಂತ್ಕಳದಾ? ನಂಗೆ ಬ್ಯಾಡಪ್ಪ." ನಾನು ಸಂಕೋಚ ಮಾಡಿಕೊಳ್ಳಬೇಡ ಎಂದೆ. ಅವಳು, "ಕಾಲು ಮುರಿದ್ರೆ?" ಎಂದಳು. ಮುರಿಯುವುದಕ್ಕೆ ಅಲ್ಲಿ ಹೊಸದೇನಿದೆ ಎಂದೆ. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಳು. ನಾನು ಕೈ ಹಿಡಿದು ಎಳೆದುಬಿಟ್ಟೆ. ಕೂತಳು. ಪೋಲಿಯೊ ಕಾಲಿನ ಶಕ್ತಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ, ಸ್ಪರ್ಶಜ್ಞಾನವನ್ನು ತೆಗೆದುಕೊಳ್ಳುವುದಿಲ್ಲ ಎಂದು ಡಾಕ್ಟರುಗಳು ಹೇಳುತ್ತಾರೆ. ಅವರು ಹೇಳುವುದು ಸಂಪೂರ್ಣ ನಿಜ.

ಮಾಲಿಂಗನ ಕಷ್ಟ ನೋಡಲಾಗುತ್ತಿರಲಿಲ್ಲ. ಎತ್ತಬೇಕಾದವರು ಒಬ್ಬರಲ್ಲ, ಇಬ್ಬರು, ಅದೂ ಒಂದರ ಮೇಲೊಂದು ಜೋಡಿಸಿಟ್ಟು, ಅವನ ಅಂಗಡಿಯ ಕುರ್ಚಿಗಳ ಹಾಗೆ, ಕಣ್ಣ ಮುಂದೆ ಇದ್ದಾರೆ. "ಅಕ್ಕ, ತಳ್ಳಬೋದಾ?" ಎಂದು ಕೇಳಿದ. ತಳ್ಳುವುದು ಕರಾರಿನಲ್ಲಿಲ್ಲ ಎಂದು ನಾನೇ ತೀರ್ಪು ಕೊಟ್ಟೆ. ಸಾಮಾನು ಸಾಗಿಸುವವನೆಂದು ತಿಪ್ಪೇಸ್ವಾಮಿ ಅವನನ್ನು ಸೆಟ್ಟಿನ ಕೆಲಸದವರ ಲೆಕ್ಕಕ್ಕೆ ಸೇರಿಸಿದ. ತಿಪ್ಪೇಸ್ವಾಮಿ ಒಂದು ಕಡೆ, ಮಾಲಿಂಗ ಒಂದು ಕಡೆ ತಳ್ಳಿದರು. ಹಲಗೆಗಳು ಕಿರ್ ಎಂದವು. ಮೊದಲ ತಿರುವಿನಲ್ಲಿ ಸರೋಜ ನನ್ನ ಕುತ್ತಿಗೆ ಹಿಡಿದುಕೊಂಡು ಮನೆದೇವರ ಹೆಸರು ಹೇಳಿದಳು. ಎರಡನೆಯ ತಿರುವಿನಲ್ಲಿ ನನ್ನ ಹೆಸರನ್ನೇ ಹೇಳಿದಳು. ಮದುವೆಯಲ್ಲಿ ಒಗಟಿನಲ್ಲಿ ಹೇಳಿದ್ದು ಬಿಟ್ಟರೆ ಅವಳ ಬಾಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ಉಪ್ಪರಿಗೆಗೆ ಬಂದೆವು. ಕೆಳಗಿನ ಜನ ಇದು ಶೂಟಿಂಗೇ ಇರಬೇಕೆಂದು ಚಪ್ಪಾಳೆ ತಟ್ಟಿದರು. ಸರೋಜ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಾಲಿಂಗ ಫೋಟೊ ತೆಗೆದ. ಫೋಟೊದಲ್ಲಿ ಒಂದು ಸೆರಗು, ಅದರ ಹಿಂದೆ ನನ್ನ ಒಂದು ಕಿವಿ ಕಾಣುತ್ತವೆ. ಆಮೇಲೆ ಸರೋಜ ಸೆರಗು ಸರಿಸಿ ಮುಂದೆ ನೋಡಿದಳು, ಹಿಂದಕ್ಕೆ ತಿರುಗಿ ನೋಡಿದಳು. ಸರ್ವೆ ಗಳಗಳು, ಗೋಣಿತಾಟು, ಡಬ್ಬಿಗಳು, ಒಣಗಲು ಹಾಕಿದ ಟವೆಲುಗಳು, ಊಟ ಮಾಡುತ್ತಾ ಕೂತಿದ್ದ ಬಣ್ಣದವರು. "ಬೆಳಗ್ಗಿಂದ ಇದನ್ನೇ ನೋಡಿದ್ರಾ?" "ಹೂಂ." "ಮುಂದ್ಗಡೆಗಿಂತ ಇದೇ ಚೆಂದ ಐತೆ ಕಣ್ರಿ. ಇಲ್ಲಿ ಮನುಷ್ಯರಾದ್ರೂ ಅವ್ರೆ." ಇಳಿದು ಬಂದ ಮೇಲೆ ತಿಪ್ಪೇಸ್ವಾಮಿಯ ಜೊತೆ ಹಿಂದಿನ ಬೀದಿಯನ್ನೆಲ್ಲ ಮತ್ತೊಮ್ಮೆ ನೋಡಿದೆವು, ಈ ಸಲ ಇಬ್ಬರೂ ಒಟ್ಟಿಗೆ. ಸಂಜೆ ಊರಿಗೆ ಬಂದು ಮನೆಯ ಮುಂದೆ ಹಲಗೆಯ ಮೇಲೆ ಜಾರಿಕೊಂಡು ಕುರ್ಚಿಗೆ ಇಳಿದಾಗ, ಬೆಳಗ್ಗೆಯಿಂದ ಸಂಜೆಯವರೆಗೆ ನನ್ನನ್ನು ಯಾರೂ ಎತ್ತಿರಲಿಲ್ಲ. ಕರಾರಿನ ಪ್ರಕಾರ ಸಮುದ್ರ ಅವಳದಾಯಿತು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಡೆದದ್ದು ಬೇರೆ. ಎತ್ತುವವರಿಗೆ ಎತ್ತಿ ಇಳಿಸುವುದರೊಂದಿಗೆ ಕೆಲಸ ಮುಗಿಯುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮರುದಿನ ಕಚೇರಿಯ ಮುಂದೆ ಟೀ ಮಾರುವವನಿಗೆ ಉಪ್ಪರಿಗೆಯ ಕಥೆ ಹೇಳಿದೆ. ಮಧ್ಯಾಹ್ನ ಕ್ರಯಪತ್ರಕ್ಕೆ ಬಂದವರಿಗೆ ಹೇಳಿದೆ. ಅವರು ಕೇಳಿರಲಿಲ್ಲ. ಸಾಕ್ಷಿ ಹಾಕಲು ಬಂದವರಿಗೆ ಬೇರೆಯಾಗಿ ಹೇಳಿದೆ. ಹೇಳುತ್ತಾ ಹೇಳುತ್ತಾ ರ‍್ಯಾಂಪು ಕಡಿದಾಗುತ್ತಾ ಹೋಯಿತು, ಸುತ್ತುಗಳು ಎರಡಿದ್ದದ್ದು ಐದಾದವು, ತಳ್ಳುವವರು ಕಡಿಮೆಯಾಗುತ್ತಾ ಬಂದು ಕೊನೆಗೆ ಇಲ್ಲವೇ ಇಲ್ಲವಾದರು. ಸರೋಜಳ ತೂಕ ಮಾತ್ರ ಏರುತ್ತಾ ಹೋಯಿತು. ಮನೆಗೆ ಬಂದ ನೆಂಟರಿಗೆ ಅವಳ ಎದುರಿಗೇ ಹೇಳುತ್ತಿದ್ದಾಗ, "ಪಾಪ, ಅವಳಿಗೂ ಆಸೆ ಇತ್ತು, ನಾನೇ ಹೊತ್ತುಕೊಂಡು ಹೋದೆ" ಎಂಬ ಮಾತು ನನ್ನ ಬಾಯಿಂದ ಬಂತು. ಬಂದ ಮೇಲೆ ಅದು ಯಾರ ಮಾತು ಎಂದು ನನಗೇ ಗಾಬರಿಯಾಯಿತು. ಐವತ್ತು ವರ್ಷ ನಾನು ಇಂಥ ಜನರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ನೆಂಟರು ಹೋದ ಮೇಲೆ ಸರೋಜ ಬಂದು ಎದುರಿಗೆ ಕೂತಳು. "ಸಮುದ್ರಕ್ಕೆ ಹೋಗಾಣ" ಎಂದಳು. "ಹೋಗಾಣ" ಎಂದೆ. "ಈ ಸಲ ಕರಾರು ನಂದು. ನನ್ನ ಕೇಳದೆ ನನ್ನ ಎತ್ತಂಗಿಲ್ಲ. ಕೇಳಿ ಎತ್ತಿದ್ರೂ ಊರಿಗೆಲ್ಲ ಹೇಳಂಗಿಲ್ಲ. ಹಿಂದಿನದನ್ನೂ ಸೇರ್ಸಿ. ಇವತ್ತಿಗೆ ಆ ಕಥೆ ಬಂದ್." ಎರಡು ಮಾತಿಲ್ಲದೆ ಒಪ್ಪಿಕೊಂಡೆ. ಆವತ್ತಿನಿಂದ ಇಂದಿನವರೆಗೆ ಆ ವಿಷಯವನ್ನು ಒಂದು ನರಪಿಳ್ಳೆಗೂ ಹೇಳಿಲ್ಲ. ಬರೆಯಬಾರದು ಎಂದು ಅವಳು ಕರಾರಿನಲ್ಲಿ ಸೇರಿಸಲಿಲ್ಲ. ಮೂವತ್ತು ವರ್ಷ ಪತ್ರ ಬರೆಯುವವನ ಮನೆಯಲ್ಲಿ ಬಾಳಿದ ಹೆಂಗಸು, ಅಷ್ಟು ದೊಡ್ಡ ಸಂದನ್ನು ಮರೆತು ಬಿಟ್ಟಳೋ, ಬೇಕೆಂದೇ ಬಿಟ್ಟಳೋ, ನಾನು ಕೇಳಲು ಹೋಗಿಲ್ಲ.